ಬಾಲೀಸ್ ಮಾಡಿದ ಡ್ರಮ್ಮು

ಬಟ್ಟೆ ಒಗೆಯುವ ಮೆಷಿನ್ನಿನ ಡ್ರಮ್ಮನ್ನು ಕಂಡ ಕೂಡಲೇ ಸ್ಕಿರ್ಮಾಂತಾಸನ ಮುಖ ಹುಳ್ಳಗಾಯಿತು. ಅಪೊಲೊನಿಯಾಳ ಬಿಯರ್ ಪರೀಕ್ಷಿಸಲು ಪರಂಪರೆ ಸಮಿತಿಯಿಂದ ಬಂದ ಅಧಿಕಾರಿ ಅವನು. ಅವನು ಒಪ್ಪಿ ಬರೆದರೆ 'ಪರಂಪರೆಯ ಬಿಯರ್' ಎಂಬ ಪ್ರಮಾಣಪತ್ರ ಸಿಗುತ್ತದೆ. ಲಿಥುವೇನಿಯಾದ ಆ ಮೂಲೆಯ ಹಳ್ಳಿಗಳಲ್ಲಿ ಅದು ಮನೆಯ ಗೋಡೆಯ ಮೇಲಿದ್ದರೆ ಬರುವ ಮರ್ಯಾದೆಯೇ ಬೇರೆ. ಗಂಡ ಬಾಲೀಸ್ ಅದಕ್ಕಾಗಿ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಇಲ್ಲವೆನ್ನಿಸಿಕೊಂಡು, ಹೋದ ವರ್ಷ ಕಣ್ಣು ಮುಚ್ಚಿದ್ದ. ಈ ಸಲದ ಅರ್ಜಿಯಲ್ಲಿ ಅವಳು ತನ್ನ ಹೆಸರಿನ ಮೇಲೆ ಅವನ ಹೆಸರನ್ನು ಬರೆದಿದ್ದಳು.

"ಇದೇನಮ್ಮಾ ಇದು?"

"ಡ್ರಮ್ಮು. ನಮ್ಮತ್ತೆ ಬಟ್ಟೆ ಒಗೀತಿದ್ದ ಮೆಷಿನ್ನಿಂದು. ಹೆದರ್ಕೋಬೇಡಿ ಸಾರ್, ಸೋಪು ಹೋಗಿ ಮೂವತ್ತು ವರ್ಷ ಆಯ್ತು."

ಅವನು ನಗಲಿಲ್ಲ.

ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಬಿಸಿನೀರಿನಲ್ಲಿ ಕಲಸಿಡುವುದು ಯಾರಿಗಾದರೂ ಬರುತ್ತದೆ. ಅದರ ಸಿಹಿರಸವನ್ನು ಬಸಿದು ತೆಗೆಯುವುದೇ ಕಷ್ಟ. ಅವಸರಪಟ್ಟರೆ ನುಚ್ಚು ಕಟ್ಟಿಕೊಂಡು ಒಂದು ಹನಿಯೂ ಇಳಿಯುವುದಿಲ್ಲ. ಡೇರಿಯಲ್ಲಿ ಮೆಕ್ಯಾನಿಕ್ಕಾಗಿದ್ದ ಬಾಲೀಸ್ ಆ ಡ್ರಮ್ಮಿನ ಒಂದೊಂದು ತೂತಿನ ಅಂಚನ್ನೂ ಅರದಿಂದ ಉಜ್ಜಿ ನಯ ಮಾಡಿದ್ದ. ಡೇರಿಯವರು ಎಸೆದಿದ್ದ ಹಾಲಿನ ಹಂಡೆಯೊಳಗೆ ಅದನ್ನು ಕೂರಿಸಿ ಕೆಳಗೊಂದು ನಲ್ಲಿ ಹಾಕಿದ್ದ. ಮೇಲೆ ತಾಮ್ರದ ಕೊಳವೆಯ ಸುರುಳಿ; ಅದರಿಂದ ಬಿಸಿನೀರು ಜಿನುಗಿ, ನುಚ್ಚನ್ನು ತೊಳೆಯುತ್ತ, ಉಳಿದ ಸಿಹಿಯನ್ನೆಲ್ಲ ಕೆಳಗಿಳಿಸಬೇಕು. ಆ ಸುರುಳಿಗೆ ತೂತು ಕೊರೆಯುವುದರಲ್ಲೇ ಅವನ ಒಂದು ಚಳಿಗಾಲ ಕಳೆದಿತ್ತು. ಊರಿನ ಅರ್ಧ ಮದುವೆಗಳ ಬಿಯರ್ ಬಸಿದದ್ದು ಇದರಲ್ಲೇ.

"ಇದನ್ನ ಕಂಬಳಿ ಹೊದಿಸಿ ಆ ಮೂಲೇಲಿಡೋಣ," ಎಂದ ಸ್ಕಿರ್ಮಾಂತಾಸ್. "ಮ್ಯೂಸಿಯಮ್ಮಿಂದ ಮರದ ತೊಟ್ಟಿ ತಂದಿದೀನಿ. ತಳಕ್ಕೆ ರೈ ಧಾನ್ಯದ ಹುಲ್ಲು ಹಾಸಿ ಬಸಿಯೋಣ, ನಿಮ್ಮ ಮುತ್ತಜ್ಜಿ ಥರ. ಫೋಟೊ ಚೆನ್ನಾಗಿ ಬರತ್ತೆ."

ಕಂಬಳಿ ಹೊದಿಸಬೇಕಂತೆ, ಹೆಣಕ್ಕೆ ಹೊದಿಸಿದ ಹಾಗೆ! ಅಪೊಲೊನಿಯಾಳಿಗೆ ಮೈಯೆಲ್ಲ ಉರಿಯಿತು. ಆದರೂ ಬಾಲೀಸನ ಹೆಸರು ಗೋಡೆಯ ಮೇಲೆ ಬರುತ್ತದಲ್ಲ ಎಂದು ತಡೆದುಕೊಂಡು, ಕಂಬಳಿ ತಂದು ಹೊದಿಸಿದಳು.

"ತೊಟ್ಟಿ ನೆನೆಸಿದೀರಾ?"

"ನೆನ್ನೆ ಸಂಜೆ ಎರಡು ಬಕೆಟ್ ನೀರು ಹಾಕಿದ್ದೆ."

"ಮೂರು ದಿನ ನೆನೀಬೇಕು ಸಾರ್. ವರ್ಷಗಟ್ಲೆ ಒಣಗಿರೋ ಹಲಗೆ."

"ಹತ್ತು ನಿಮಿಷದ ಕೆಲಸಕ್ಕೆ ಅಷ್ಟೆಲ್ಲಾ ಯಾಕಮ್ಮಾ?"

ಹತ್ತು ನಿಮಿಷವೂ ಹಿಡಿಯಲಿಲ್ಲ. ನುಚ್ಚು ಸುರಿದು ಅವನು ಕ್ಯಾಮೆರಾ ಎತ್ತುವಷ್ಟರಲ್ಲಿ ಹಲಗೆಗಳ ಸಂದುಸಂದಿನಿಂದ ರಸ ಸೋರತೊಡಗಿತು. ಬೆಳಗಿನಿಂದ ಅವಳು ಕಾದು ಮಾಡಿದ ಜೇನುಬಣ್ಣದ ರಸ ನೆಲದ ಮೇಲೆ ಹರಿದು ಬಾಗಿಲು ದಾಟಿತು. ಹೊರಗಿದ್ದ ಕೋಳಿಗಳಿಗೆ ಹಬ್ಬವಾಯಿತು.

"ಏನ್ ನೋಡ್ತಾ ನಿಂತಿದೀರಿ! ಆ ಕಂಬಳಿ ಕಿತ್ತಾಕಿ! ಡ್ರಮ್ಮು ತನ್ನಿ!"

ಅಧಿಕಾರಿ ಅಂಗಿಯ ತೋಳು ಮಡಚಿಕೊಂಡು ಬಕೆಟ್ಟಿನಲ್ಲಿ ನುಚ್ಚು ತೋಡಿ ಡ್ರಮ್ಮಿಗೆ ಸುರಿದ. ಮೊದಲು ಬಂದ ಕಲಕು ರಸವನ್ನು ಅವಳು ಮತ್ತೆ ಮೇಲಕ್ಕೇ ಹೊಯ್ದು, ಸುರುಳಿಗೆ ಬಿಸಿನೀರು ಬಿಟ್ಟಳು. ಸ್ವಲ್ಪ ಹೊತ್ತಿಗೆ ನಲ್ಲಿಯಿಂದ ತಿಳಿಯಾದ ಎಳೆ ಇಳಿಯಿತು. ಹೋದದ್ದು ಹೋಗಿ ಮುಕ್ಕಾಲು ಪಾಲು ಉಳಿಯಿತು. ಸ್ಕಿರ್ಮಾಂತಾಸ್ ಒಂದು ಲೋಟ ಹಿಡಿದು ಕುಡಿದು, "ಅಬ್ಬಾ!" ಎಂದ. ಆಮೇಲೆ ಬೆಂಚಿನ ಮೇಲೆ ಕೂತು, ಅವಳು ಇಟ್ಟಿದ್ದ ಉಪ್ಪು ಬಟಾಣಿ ಮೆಲ್ಲುತ್ತ ಫಾರಂ ತುಂಬಿಸಿ, ಸಹಿಗೆ ಮುಂದೆ ಹಿಡಿದ.

ಅವಳು ಕನ್ನಡಕ ಹಾಕಿಕೊಂಡು ಓದಿದಳು. "ಬಸಿಯುವ ವಿಧಾನ: ಮರದ ತೊಟ್ಟಿ, ರೈ ಹುಲ್ಲು. ಈ ಪದ್ಧತಿಯನ್ನು ಉಳಿಸಿಕೊಂಡು ಬಂದವರು: ದಿವಂಗತ ಬಾಲೀಸ್."

"ನಮ್ಮೆಜಮಾನ್ರು ಜನ್ಮದಲ್ಲಿ ಹುಲ್ಲು ಹಾಸಿದೋರಲ್ಲ!"

"ಅವರ ಹೆಸರು ಬರ್ಲಿ ಅಂತಾನೇ ಹಾಗೆ ಬರೆದೆ. ಡ್ರಮ್ಮು ಅಂದ್ರೆ ಸಮಿತಿ ಒಪ್ಪಲ್ಲ. ಅದು ಪರಂಪರೆ ಅಲ್ಲ."

"ನಮ್ಮ ಮುತ್ತಜ್ಜಿ ಏನು ಪರಂಪರೆ ಅಂತ ಹುಲ್ಲು ಹಾಸಿದ್ಲಾ? ಕೈಗೆ ಸಿಕ್ಕಿದ್ದು ಹುಲ್ಲು, ಹಾಸಿದ್ಲು. ನಮ್ಮೋರ ಕೈಗೆ ಡ್ರಮ್ಮು ಸಿಕ್ತು. ಬದುಕಿದ್ದಾಗ ಎರಡು ಸಲ ಬೇಡ ಅಂದ್ರಿ. ಈಗ ಸತ್ತೋರ ಕೈಲಿ ಸುಳ್ಳು ಹೇಳಿಸ್ತೀರಾ?"

ಪೆನ್ನು ಕಿತ್ತುಕೊಂಡು ಆ ಎರಡು ಸಾಲನ್ನೂ ಹೊಡೆದುಹಾಕಿ, ದಪ್ಪ ಅಕ್ಷರಗಳಲ್ಲಿ ಬರೆದಳು: "ಬಟ್ಟೆ ಒಗೆಯುವ ಮೆಷಿನ್ನಿನ ಡ್ರಮ್ಮು, ತಾಮ್ರದ ಸುರುಳಿ. ಮಾಡಿದವರು ಬಾಲೀಸ್." ಕೆಳಗೆ ಸಹಿ ಹಾಕಿದಳು.

"ಹೀಗೆ ಕೊಟ್ರೆ ಪ್ರಮಾಣಪತ್ರ ಬರಲ್ಲಮ್ಮಾ."

"ಗೊತ್ತು. ತಗೊಂಡು ಹೋಗಿ."

ಅವನು ತೊಟ್ಟಿಯನ್ನು ಕಾರಿಗೆ ಹಾಕಿದ. ಹೊರಡುವ ಮುಂಚೆ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾಚುತ್ತಲೇ ಕೇಳಿದ: "ಬಿಯರ್ ತಯಾರಾದ ಮೇಲೆ ನನಗೊಂದು ಬಾಟ್ಲಿ ಎತ್ತಿಡ್ತೀರಾ?"

"ನಿಮ್ಮ ಹುಲ್ಲಿನ ಬಿಯರ್ ಅಲ್ಲಿ ನೆಲದ ಮೇಲಿದೆ," ಎಂದಳು ಅಪೊಲೊನಿಯಾ. "ಕೋಳಿ ಬಿಟ್ಟಿದ್ರೆ ಬಳ್ಕೊಂಡು ಹೋಗಿ."