ತಪ್ಪು–ಒಪ್ಪು

ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು. ಹೆಂಡತಿ ಬಟ್ಟೆ ಅಳೆಯುವ ಕೋಲು ಹಿಡಿದುಕೊಂಡು ಮುಂಬಾಗಿಲ ಕಡೆ ಓಡಿದ್ದಳು. ಗಂಡ ಕೈಯಲ್ಲಿದ್ದ ಕರಡು ಹಾಳೆಗಳನ್ನು ಮೇಜಿನ ಮೇಲೆ ಬಿಸಾಡಿ, ಅಡುಗೆಮನೆಗೆ ನುಗ್ಗಿ, ಒಲೆ ಆರಿಸುವಷ್ಟರಲ್ಲಿ ಅರ್ಧ ಪಾತ್ರೆ ಖಾಲಿಯಾಗಿತ್ತು. "ಹಾಲು ಉಕ್ತಿದೆ" ಎಂದು ಅವರು ಕೂಗಿದ್ದು ಸ್ಪಷ್ಟವಾಗಿಯೇ ಇತ್ತು. ಆದರೆ ಹೊಲಿಗೆ ಯಂತ್ರಕ್ಕೆ ಒರಗಿಸಿಟ್ಟಿದ್ದ ಹೊಸ ಟ್ಯಾಬ್ಲೆಟ್ಟು ಅದನ್ನು ತನಗೆ ತೋಚಿದಂತೆ ಕೇಳಿಸಿಕೊಂಡು, ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಬರೆದಿತ್ತು: "ಆಳು ಹೊಕ್ಕಿದೆ."

ಆಕೆ ಬಾಗಿಲು ತೆರೆದು ನೋಡಿದಳು, ಮೆಟ್ಟಿಲ ಕೆಳಗೆ ಇಣುಕಿದಳು, ಯಾರೂ ಇಲ್ಲದ್ದನ್ನು ಕಂಡು ಕೋಲು ಕೆಳಗಿಳಿಸಿ ಒಳಗೆ ಬಂದಳು. ಒಲೆ ನೋಡಿದಳು, ಗಂಡನ ಮುಖ ನೋಡಿದಳು, ಮತ್ತೊಮ್ಮೆ ಪರದೆ ಓದಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ಮನೆಯಲ್ಲಿ ಅಂಥ ನಗು ಕೇಳಿ ಎಷ್ಟು ತಿಂಗಳಾಗಿತ್ತೋ. ಅದು ಅವರಿಗೆ ಹೊಳೆಯಲೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಜೇಬಿನಿಂದ ಕಾಗದ ತೆಗೆದು "ತಪ್ಪು" ಎಂಬ ತಲೆಬರಹದ ಕೆಳಗೆ ಏಳನೆಯದನ್ನು ಬರೆಯುತ್ತಿದ್ದರು.

ನಲವತ್ತು ವರ್ಷ ಪ್ರೂಫ್ ನೋಡಿದ ಮನುಷ್ಯ ಬೇರೆ ಹೇಗಿದ್ದಾನು? ಪುಸ್ತಕ ಅಚ್ಚಾದ ಮೇಲೆ ಕೊನೆಯ ಪುಟದಲ್ಲಿ ತಪ್ಪು–ಒಪ್ಪು ಪಟ್ಟಿ ಹಾಕುವುದೆಂದರೆ ಅವರಿಗೆ ಅವಮಾನ. ತಾವು ನೋಡಿದ ಪುಸ್ತಕಕ್ಕೆ ಅಂಥ ಪುಟದ ಅಗತ್ಯವೇ ಬಂದಿಲ್ಲ ಎಂಬ ಹೆಮ್ಮೆ ಬೇರೆ. ಆದರೆ ಪುಸ್ತಕದ ಆಚೆಗೆ ಅವರು ಎಲ್ಲದಕ್ಕೂ ಆ ಪಟ್ಟಿ ಮಾಡುತ್ತಿದ್ದರು. ಬಾಡಿಗೆ ಮನೆ ನೋಡಿ ಬಂದರೆ ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಮಗಳಿಗೆ ಗಂಡು ನೋಡಿದಾಗಲೂ ಹಾಗೆಯೇ. ಆ ಪಟ್ಟಿ ಅಳಿಯನ ಕೈಗೆ ಸಿಕ್ಕಿ, ಅವನು ಇವತ್ತಿಗೂ ಮಾವನ ಎದುರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾನೆ. ಓದುವಾಗ ಚಿಹ್ನೆಗಳನ್ನೂ ಬಾಯಲ್ಲಿ ಹೇಳಿಕೊಳ್ಳುವ ಅಭ್ಯಾಸವಿದ್ದುದರಿಂದ ಪ್ರೆಸ್ಸಿನವರು ಅವರಿಗೆ "ಅಲ್ಪವಿರಾಮ" ಎಂದು ಹೆಸರಿಟ್ಟಿದ್ದರು.

ಹೆಂಡತಿಯ ಕಿವಿ ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಕೈಕೊಟ್ಟಿತ್ತು. ಕಿವಿಯ ನರವೇ ಸೋತಿದೆ ಎಂದು ವೈದ್ಯರು ಹೇಳಿದ್ದರು. ಕಿವಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ಅದು ಮಾತು ಕೇಳಿಸುವ ಬದಲು ಕುಯ್ಯೋ ಎಂದು ಸೀಟಿ ಹೊಡೆಯುತ್ತಿತ್ತು. ಆಕೆ ಅದನ್ನು ಗುಂಡಿಗಳ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿಬಿಟ್ಟಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ದಿಂಬಿನ ಚೀಲ ಹೊಲಿಯುವುದು ಮಾತ್ರ ನಿಲ್ಲಲಿಲ್ಲ. ಹೊಲಿಗೆ ಯಂತ್ರದ ಸದ್ದು ಕೇಳಿಸದಿದ್ದರೂ ಕಾಲಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು.

ಮಾತಿಗೆ ಬದಲು ಅವರು ಚೀಟಿ ಬರೆಯತೊಡಗಿದರು. ಮೊದಮೊದಲು ಉದ್ದುದ್ದ ಚೀಟಿ, ಆಮೇಲೆ ಗಿಡ್ಡ, ಆಮೇಲೆ ಬರೀ "ಊಟ?" ಮತ್ತು "ಬೀಗ ಹಾಕಿಕೊ." ಒಂದಕ್ಷರ ತಪ್ಪಿಲ್ಲದ, ಪೂರ್ಣವಿರಾಮ ಸಮೇತ ಚೀಟಿಗಳು. ಒಮ್ಮೆ ಅಂಗಡಿಯ ಪಟ್ಟಿಯಲ್ಲಿ "ಸಾಬೂನು" ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬೇಕೆನಿಸಿ, ಪ್ರೆಸ್ಸಿನ ಅಭ್ಯಾಸದಂತೆ ಆ ಪದದ ಕೆಳಗೆ ನಾಲ್ಕು ಚುಕ್ಕೆ ಇಟ್ಟು ಪಕ್ಕದಲ್ಲಿ "ಇರಲಿ" ಎಂದು ಬರೆದಿದ್ದರು. ಹೊಡೆದದ್ದನ್ನು ತೆಗೆಯಬೇಡಿ, ಇದ್ದ ಹಾಗೇ ಬಿಡಿ ಎಂದು ಅದರ ಅರ್ಥ. ಆಕೆ ತಡವರಿಸದೆ ಸಾಬೂನು ತಂದಿದ್ದಳು. ಪ್ರೂಫ್ ನೋಡುವವನ ಜೊತೆ ಬಾಳಿ ಬಾಳಿ ಆ ಲಿಪಿಯೂ ಆಕೆಗೆ ಬರುತ್ತಿತ್ತು.

ಹೀಗೆ ಮನೆ ನಡೆಯುತ್ತಿತ್ತು. ಆದರೆ ಒಂದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಮೊದಲು ಕೇಳಿಸದಿದ್ದರೆ ಆಕೆ "ಏನಂದ್ರಿ?" ಎನ್ನುತ್ತಿದ್ದಳು, ಎರಡು ಸಲ, ಮೂರು ಸಲ. ಈಗ ಎಲ್ಲದಕ್ಕೂ "ಹೂಂ" ಎಂದುಬಿಡುತ್ತಾಳೆ. ಮಾತಿನ ಮಲ್ಲಿ ಎಂದು ಕೇರಿಯಲ್ಲೆಲ್ಲ ಹೆಸರಾದ ಹೆಂಗಸು, ನೆಟ್ಟಗೆ ಜಗಳವಾಡಿದರೆ ಎದುರಿನವರಿಗೆ ಉಸಿರು ಬಿಡಲು ಪುರಸೊತ್ತು ಕೊಡದವಳು, ಹೂಂ ಎಂದು ತಲೆಯಾಡಿಸಿ ಸೂಜಿಗೆ ದಾರ ಪೋಣಿಸುತ್ತಾಳೆ. ಹೀಗೇ ಬಿಟ್ಟರೆ ಒಂದು ದಿನ ಇಬ್ಬರಿಗೂ ಮಾತೇ ಮರೆತುಹೋಗುತ್ತದೆ ಎಂದು ಅವರಿಗೆ ದಿಗಿಲು.

ಇದನ್ನು ನೋಡಲಾರದೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಭಾನುವಾರ ಆ ಟ್ಯಾಬ್ಲೆಟ್ಟು ತಂದಿಟ್ಟಿದ್ದಳು. ತೀರ ಅಗ್ಗದ್ದಲ್ಲ, ತೀರ ದುಬಾರಿಯದೂ ಅಲ್ಲ, ನಡುವಿನದು. ಎದುರಿಗೆ ಆಡಿದ ಮಾತನ್ನು ಅದು ಅಲ್ಲೇ ಬರೆದು ತೋರಿಸುತ್ತದೆ, ಬರೆದದ್ದನ್ನು ಉಳಿಸಿಕೊಂಡೂ ಇರುತ್ತದೆ ಎಂದು ತಾಯಿಗೆ ತೋರಿಸಿಕೊಟ್ಟಳು. ಶನಿವಾರ ಸಂಜೆ ಐದಕ್ಕೆ ಬರುತ್ತೇನೆ, ಹಿಡಿಸದಿದ್ದರೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ, ಡಬ್ಬ ಹರಿಯಬೇಡಿ ಎಂದು ತಂದೆಗೆ ಹೇಳಿಹೋದಳು. ಅವರು ಅಂದೇ ಕಾಗದ ಮಡಚಿ ನಡುವೆ ಗೆರೆ ಎಳೆದರು.

ತಪ್ಪುಗಳು ಸಲೀಸಾಗಿ ಸಿಕ್ಕವು. ಎಬ್ಬಿಸಿದರೆ ತಕ್ಷಣ ಏಳುವುದಿಲ್ಲ, ಆಕಳಿಸುತ್ತದೆ. ಬಿಸಿಲಿಗೆ ಹಿಡಿದರೆ ಪರದೆಯಲ್ಲಿ ಅಕ್ಷರ ಕಾಣದು, ನಮ್ಮ ಮುಖವೇ ಕಾಣುತ್ತದೆ. ಕ್ಯಾಮೆರಾದಲ್ಲಿ ಮೊಮ್ಮಗಳ ಫೋಟೊ ತೆಗೆದರೆ ನೀರಲ್ಲಿ ನೆನೆದಂತೆ ಬಂತು. ಚಾರ್ಜ್ ಆಗಲು ಮೂರು ಗಂಟೆ. ಕೈಯಲ್ಲಿ ಹಿಡಿದರೆ ಮಣಿಕಟ್ಟು ನೋವು. ಯಾರೂ ಕೇಳದ ಆಟಗಳನ್ನು ಹೊಟ್ಟೆಯಲ್ಲಿ ತುಂಬಿಕೊಂಡೇ ಬಂದಿದೆ. ಪರದೆ ಮಂಕಾದಾಗ ಮಲಗಿದೆಯೋ ಎದ್ದಿದೆಯೋ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹೇಳಿದ್ದೊಂದು, ಬರೆಯುವುದೊಂದು; ಲಕಾರ ಳಕಾರಗಳ ಪರಿವೆಯೇ ಇಲ್ಲ.

ಬಲಗಡೆ ಬರೆಯುವಾಗಲೂ ಅವರು ಮೋಸ ಮಾಡಲಿಲ್ಲ. ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನಕ್ಕೆ ಮೋಸವಿಲ್ಲ. ಮೈಕಟ್ಟು ಗಟ್ಟಿ; ಹೊಲಿಗೆ ಯಂತ್ರದ ಮೇಲಿಂದ ಒಮ್ಮೆ ಬಿದ್ದರೂ ಗೀರು ಕೂಡ ಇಲ್ಲ. ನಾಲ್ಕು ಮೂಲೆಗೂ ಸ್ಪೀಕರ್, ಧ್ವನಿ ಬಲು ಚೆನ್ನ. ಇದನ್ನು ಬರೆದ ಮೇಲೆ ಅವರ ಪೆನ್ನು ಗೆರೆಯ ಎಡಕ್ಕೂ ಬಲಕ್ಕೂ ಓಡಾಡಿತು. ಈ ಮನೆಯಲ್ಲಿ ಅದು ಯಾವ ಕಡೆ ಸೇರಬೇಕೆಂದು ಅವರಿಗೆ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಇನ್ನೊಂದು ನಡೆಯಿತು. ಅವರು ಕಿಟಕಿಯ ಬಳಿ ಕೂತು ಒಂದು ಕಾದಂಬರಿಯ ಕರಡು ತಿದ್ದುತ್ತಿದ್ದರು. ಆಕೆ ಪರದೆಯ ಬಟ್ಟೆಗೆ ಅಂಚು ಹೊಲಿಯುತ್ತಿದ್ದವಳು ಪೆಡಲ್ ನಿಲ್ಲಿಸಿ ತಿರುಗಿ ಕೇಳಿದಳು:

"ಆಮೇಲೆ ಆ ನರ್ಸು ಬಸ್ ಹತ್ತಿದ್ಲಾ?"

ಅವರು ಕನ್ನಡಕದ ಮೇಲಿಂದ ನೋಡಿದರು. ಯಾವ ನರ್ಸು ಎಂದು ಕೇಳುವ ಮೊದಲೇ ಗೊತ್ತಾಯಿತು. ಕರಡು ತಿದ್ದುವಾಗ ತಾವು ಗುನುಗಿದ್ದನ್ನೆಲ್ಲ ಟ್ಯಾಬ್ಲೆಟ್ಟು ನಾಲ್ಕು ದಿನದಿಂದ ಬರೆದುಕೊಳ್ಳುತ್ತಿತ್ತು. ಅಲ್ಪವಿರಾಮ, ಉದ್ಧರಣ ಶುರು, ಉದ್ಧರಣ ಮುಗೀತು ಎಂಬುದರ ಸಮೇತ ಆಕೆ ಕಾದಂಬರಿಯನ್ನು ಓದುತ್ತ ಬಂದಿದ್ದಳು. ನರ್ಸು ಬಸ್ ಹತ್ತಿದಳೆಂದು ಅವರು ಒಪ್ಪಿಕೊಂಡರು. ಹತ್ತಬಾರದಿತ್ತು, ಆ ಮನುಷ್ಯ ಸರಿಯಿಲ್ಲ ಎಂದು ಆಕೆ ತೀರ್ಪು ಕೊಟ್ಟು ಮತ್ತೆ ಪೆಡಲ್ ತುಳಿದಳು. ಅವರು "ಕದ್ದು ಕೇಳುತ್ತದೆ" ಎಂದು ಹದಿನೈದನೆಯ ತಪ್ಪು ಬರೆದರು. ಬರೆಯುವಾಗ ತುಟಿಯಂಚಿನಲ್ಲಿ ನಗು ಬಂದದ್ದು ನಿಜ.

ಆ ನಗು ಶುಕ್ರವಾರಕ್ಕೆ ಉಳಿಯಲಿಲ್ಲ. ಅಂದು ಬೆಳಿಗ್ಗೆ ಅವರು ಆಕೆಯ ಎದುರಿಗೇ ನಿಂತು, ಒಂದೊಂದೇ ಪದ ಬಿಡಿಸಿ, ಇದನ್ನು ಇಟ್ಟುಕೊಳ್ಳೋಣವೋ ವಾಪಸ್ ಕೊಡೋಣವೋ ಎಂದು ಕೇಳಿದರು. ಟ್ಯಾಬ್ಲೆಟ್ಟು ಅಷ್ಟನ್ನೂ ತಪ್ಪಿಲ್ಲದೆ ಬರೆಯಿತು. ಆಕೆ ಓದಿದಳು. ಅವರ ಜೇಬಿನಿಂದ ಇಣುಕುತ್ತಿದ್ದ ಪಟ್ಟಿಯ ಕಡೆ ನೋಡಿದಳು.

"ಹೂಂ. ನಿಮ್ಮಿಷ್ಟ" ಎಂದಳು. ಹೊಲಿಗೆ ಯಂತ್ರದ ಕಡೆ ತಿರುಗಿದಳು.

ಇಷ್ಟಾದ ಮೇಲೂ ಹೂಂ ಎಂದರೆ ಇನ್ನು ಯಾವ ಯಂತ್ರ ಬಂದು ಏನು? ಸ್ವಲ್ಪ ಹೊತ್ತಿಗೆ ಪರದೆ ಮಂಕಾಯಿತು, ಮಲಗಿತು ಎಂದುಕೊಂಡರು. ಆಕೆಯ ಬೆನ್ನು ನೋಡುತ್ತ, ಎರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನು ಮೆಲ್ಲಗೆ ಆಡಿಬಿಟ್ಟರು. ಕೇಳಿಸದವರ ಎದುರು ಆಡುವುದು ಎಷ್ಟು ಸುಲಭ ಎನಿಸಿ ತಮ್ಮ ಮೇಲೆ ತಮಗೇ ನಾಚಿಕೆಯಾಯಿತು. ಕಾಗದ ತೆಗೆದು ಹದಿನಾರನೆಯದಾಗಿ "ಪ್ರಯೋಜನವಿಲ್ಲ" ಎಂದು ಬರೆದು ಮಡಚಿದರು.

ಶನಿವಾರ ನಾಲ್ಕೂವರೆಗೆ ಡಬ್ಬ ಹೊರಗೆ ತೆಗೆದರು. ಚಾರ್ಜರ್ ಸುತ್ತಿ ಇಟ್ಟರು, ಪುಟ್ಟ ಕೈಪಿಡಿ ಇಟ್ಟರು. ಹೊಲಿಗೆ ಯಂತ್ರದ ಬಳಿ ಹೋದರೆ ಟ್ಯಾಬ್ಲೆಟ್ಟು ಇಲ್ಲ, ಹೆಂಡತಿಯೂ ಇಲ್ಲ. ಅಡುಗೆಮನೆಯಲ್ಲಿ ಇಲ್ಲ, ಮಲಗುವ ಕೋಣೆಯಲ್ಲಿ ಇಲ್ಲ. ಕೊನೆಗೆ ಬಾಲ್ಕನಿಯ ಬಾಗಿಲು ತೆರೆದಿರುವುದು ಕಂಡಿತು. ಎರಡು ಕುರ್ಚಿ ಹಿಡಿದರೆ ಮೂರನೆಯವರು ನಿಲ್ಲಲಾಗದಷ್ಟು ಜಾಗ ಅದು; ವರ್ಷಗಳಿಂದ ಬಟ್ಟೆ ಒಣಗಿಸುವುದಕ್ಕೆ ಮಾತ್ರ ಬಳಕೆ. ಹಗ್ಗದ ಬಟ್ಟೆಯನ್ನೆಲ್ಲ ತೆಗೆದು, ನೆಲ ಒರೆಸಿ, ಎರಡೂ ಕುರ್ಚಿ ಹಾಕಿ, ಆಕೆ ಒಂದರಲ್ಲಿ ಕೂತಿದ್ದಳು. ತೊಡೆಯ ಮೇಲೆ ಟ್ಯಾಬ್ಲೆಟ್ಟು.

"ಬನ್ನಿ. ನೀವು ಕರೆದಿದ್ದಕ್ಕೇ ಬಂದಿರೋದು" ಎಂದಳು.

ಅವರಿಗೆ ತಲೆಬುಡ ತಿಳಿಯಲಿಲ್ಲ. ಆಕೆ ಪರದೆಯನ್ನು ಬಿಸಿಲು ಬೀಳದಂತೆ ಸೆರಗಿನಿಂದ ಮರೆಮಾಡಿ ಅವರ ಮುಂದೆ ಹಿಡಿದಳು. ನಿನ್ನೆಯ ಮಾತು ಅಷ್ಟೂ ಅಲ್ಲಿತ್ತು, ಮಂಕಾದ ಪರದೆಯ ಹಿಂದೆ ಎಚ್ಚರವಾಗಿಯೇ ಇದ್ದು ಬರೆದುಕೊಂಡದ್ದು: "ನೀನು ಹೂಂ ಅಂದಾಗೆಲ್ಲ ನನಗೆ ಭಯ ಆಗುತ್ತೆ ಕಣೆ ಏನಂದ್ರಿ ಅಂತ ಕೇಳೋದನ್ನೇ ಬಿಟ್ಟೆ ಒಬ್ಬನೇ ಮಾತಾಡಿ ಸಾಕಾಗಿದೆ ಜಗಲಿಗಾದ್ರೂ ಬಾ"

"ನಮ್ಮನೇಲಿ ಜಗಲಿ ಎಲ್ಲಿದೆ ಅಂತ ನಿನ್ನೆಯಿಂದ ಹುಡುಕಿದೆ. ಇದೇ ಇರ್ಬೇಕು ಅಂತ ಗುಡಿಸಿ ಕೂತೆ" ಎಂದಳು.

ಅವರು ಇನ್ನೊಂದು ಕುರ್ಚಿಯಲ್ಲಿ ಕೂತರು. ತಾವು ಹೇಳಿದ್ದು ಜಗಲಿಗಲ್ಲ. ಜಗಳಕ್ಕಾದರೂ ಬಾ ಎಂದಿದ್ದರು. ಹೇಳಬೇಕೆಂದು ಬಾಯಿ ತೆರೆದರು, ಆದರೆ ಆಕೆ ಬಿಟ್ಟರೆ ತಾನೆ? ಎರಡು ವರ್ಷದ ಬಾಕಿ ಮಾತು ಒಮ್ಮೆಲೇ ಹೊರಟಿತು. ಚೀಟಿ ಬರೆದೂ ಬರೆದೂ ತನ್ನ ಬಾಯಿ ಮುಚ್ಚಿಸಿದ್ದು ಯಾರು ಎಂದು ಕೇಳಿದಳು. ಮೂರು ಸಲ ಏನಂದ್ರಿ ಅಂದರೆ ನಾಲ್ಕನೆಯ ಸಲ ಮುಖ ಸಿಂಡರಿಸುತ್ತಿದ್ದವರು ಯಾರು, ಅದು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಕಿವಿ ಬೇಕಿಲ್ಲ ಎಂದಳು. ಕೈ ಚಾಚಿ ಅವರ ಜೇಬಿನಿಂದ ಪಟ್ಟಿಯನ್ನು ಎಳೆದು ಬಿಡಿಸಿದಳು.

"ಎಬ್ಬಿಸಿದ್ರೆ ತಕ್ಷಣ ಏಳಲ್ಲ. ಬಿಸಿಲಲ್ಲಿ ಕಣ್ಣು ಕಾಣಲ್ಲ. ಹೇಳಿದ್ದೊಂದು, ತಿಳ್ಕೊಳ್ಳೋದೊಂದು. ಎಲ್ಲಾ ನನ್ನ ಗುಣಾನೇ ಬರೆದಿದೀರಿ, ಮೊನ್ನೆ ಶರ್ಟು ಒಗೆಯೋಕೆ ತೆಗೆದಾಗಲೇ ಓದಿದೀನಿ. ಇದು ಬೇಕು ಅಂತ ಹೇಗೆ ಬಾಯಿಬಿಟ್ಟು ಕೇಳ್ಲಿ? ನನಗೂ ಒಂದು ಡಬ್ಬ ಹುಡುಕ್ತೀರೇನೋ ಅಂತ ಹೆದರಿಕೆ ಆಯ್ತು."

ಆಕೆ ತಮಾಷೆಗೆ ಹೇಳಿದಂತೆ ಹೇಳಿದಳು, ಆದರೆ ಕೊನೆಗೆ ಸೆರಗಿನ ತುದಿ ಕಣ್ಣಿಗೆ ಹೋಯಿತು. ಎಂಥ ಮೂರ್ಖ ನಾನು ಎಂದು ಅವರು ಅಂದುಕೊಂಡರು, ಬಾಯಲ್ಲೂ ಅಂದರು. ಟ್ಯಾಬ್ಲೆಟ್ಟು ಅದನ್ನು ಚಾಚೂ ತಪ್ಪದೆ ಬರೆಯಿತು. ಆಕೆ ಓದಿ, ಇದೊಂದನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡಿದೆ ಎಂದು ಮೂಗು ಒರೆಸಿಕೊಂಡಳು.

ಕೆಳಗೆ ಗೇಟು ಸದ್ದಾಯಿತು. ಐದು ಗಂಟೆ, ಮಗಳೇ ಇರಬೇಕು. ಆಕೆಗೆ ಅದು ಕೇಳಿಸಲಿಲ್ಲ, ಅವರು ಏಳಲಿಲ್ಲ. ಅವರ ಕಣ್ಣು ಮತ್ತೆ ಆ ಪದದ ಮೇಲೆ ಹೋಗಿತ್ತು. ಜಗಲಿ. ಬೆರಳಿಟ್ಟರೆ ತಿದ್ದಬಹುದು ಎಂದು ಮಗಳು ತೋರಿಸಿದ್ದಳು. ಬೆರಳಿಟ್ಟರು. ಟ್ಯಾಬ್ಲೆಟ್ಟು ಎಂದಿನಂತೆ ಆಕಳಿಸಿ, ಕೊನೆಗೆ ಲಿಯ ಪಕ್ಕದಲ್ಲಿ ಒಂದು ಗೆರೆಯನ್ನು ಮಿಣುಕಿಸುತ್ತ ಕಾಯತೊಡಗಿತು. ಲಿಗಾ ಅಳಿಸಿ ಳಕ್ಕಾ ಇಡಬೇಕು, ಅಷ್ಟೇ. ನಲವತ್ತು ವರ್ಷದಲ್ಲಿ ಕಣ್ಣಿಗೆ ಬಿದ್ದ ತಪ್ಪನ್ನು ಅವರು ಒಂದು ದಿನವೂ ಬಿಟ್ಟವರಲ್ಲ.

ಆಕೆ ಪಕ್ಕದ ಕುರ್ಚಿಯಲ್ಲಿ ಬಾಗಿ ಅವರ ಬೆರಳನ್ನೇ ನೋಡುತ್ತಿದ್ದಳು.

ಅವರು ಬೆರಳನ್ನು ತುಸು ಕೆಳಗಿಳಿಸಿದರು. ಆ ಪದದ ಅಡಿಯಲ್ಲಿ, ಗಾಜಿನ ಮೇಲೆ, ಎಡದಿಂದ ಬಲಕ್ಕೆ ಮೆಲ್ಲಗೆ ಒತ್ತಿದರು. ಒಂದು, ಎರಡು, ಮೂರು, ನಾಲ್ಕು. ಗಾಜಿನ ಮೇಲೆ ಯಾವ ಗುರುತೂ ಉಳಿಯಲಿಲ್ಲ.

"ಇರಲಿ" ಎಂದು ಆಕೆ ಓದಿದಳು.

ಪರದೆಯ ಮೇಲೆ ಹೊಸ ಸಾಲಿನಲ್ಲಿ ಅದು ಮೂಡಿತು. ಅವರು ಕನ್ನಡಕ ಸರಿಪಡಿಸಿಕೊಂಡು, ಬಗ್ಗಿ, ಮೂರೂ ಅಕ್ಷರಗಳನ್ನು ಒಂದೊಂದಾಗಿ ನೋಡಿದರು. ತಪ್ಪಿರಲಿಲ್ಲ.