ಉಡಿಬಟ್ಟೆ ಮುಚ್ಚಿದ ಟಾಕಿ

ಗೋಗಿ ಊರಿನ ಜಗದೇವಪ್ಪನ ಹೊಲದಲ್ಲಿ ಹತ್ತಿ ಬೆಳ್ಳಗೆ ಅರಳಿತ್ತು. ಅವನ ಮನಸ್ಸಿನಲ್ಲಿ ಮಾತ್ರ ಕಪ್ಪು ಅನುಮಾನ. ಬಿಡಿಸಿದ ದಿನ ತೂಗಿ ಇಟ್ಟ ಹತ್ತಿಯನ್ನು ನಾಲ್ಕು ದಿನ ಬಿಟ್ಟು ತೂಗಿದರೆ ಕಡಿಮೆ ಬರುತ್ತಿತ್ತು. ಹತ್ತಿಗಂತೂ ಕಾಲಿಲ್ಲ. ಕಾಲಿದ್ದವರು ಹೊಲದ ಬದುವಿನಲ್ಲೇ ಇದ್ದರು. ಹತ್ತು ದಿನದ ಹಿಂದೆ ಸುರಪುರದ ಕಡೆಯಿಂದ ಹತ್ತಿ ಬಿಡಿಸಲು ಬಂದು, ತಾಡಪತ್ರಿಯ ಗುಡಾರ ಹಾಕಿ ಉಳಿದಿದ್ದ ಹನ್ನೆರಡು ಹೆಂಗಸರು.

ಗುಡಾರದ ಹಿಂದೆ ಹಳೆ ಸೀರೆ ಕಟ್ಟಿ ಮಾಡಿದ ಮರೆಯಿತ್ತು. ಅದರೊಳಗೆ, ಅವರ ಊರಿನ ಮಹಿಳಾ ಸಂಘದವರು ಕೊಟ್ಟು ಕಳಿಸಿದ ಪೆಟ್ಟಿಗೆ ಸಂಡಾಸು. ಮೇಲೆ ಕೂರುವ ಪೀಠ, ಕೆಳಗೆ ಹೊಲಸು ತುಂಬುವ, ಬಿಚ್ಚಿ ಒಯ್ಯಬಹುದಾದ ಟಾಕಿ. ಗುಂಪಿನ ಹಿರಿಯಳು ಮೌನಮ್ಮನಿಗೆ ಅದೆಂದರೆ ಜೀವ. ಹೆಸರು ಮೌನಮ್ಮ, ದನಿ ಮಾತ್ರ ಮೂರು ಹೊಲದಾಚೆಗೂ ಕೇಳುತ್ತಿತ್ತು. ಹೋದ ವರ್ಷ ಮರೆಯೇ ಇಲ್ಲದ ಹೊಲದಲ್ಲಿ, ಹೊರಗೆ ಹೋಗಬೇಕಾದೀತೆಂದು ಹಗಲೆಲ್ಲ ನೀರು ಕುಡಿಯದೆ, ಉರಿಮೂತ್ರ ಹತ್ತಿ, ಹತ್ತಿಯ ಸಾಲಿನಲ್ಲೇ ಬಿದ್ದಿದ್ದಳು. ಈ ವರ್ಷ ಪೆಟ್ಟಿಗೆ ಇಲ್ಲದಿದ್ದರೆ ಕೆಲಸಕ್ಕೇ ಬರುವುದಿಲ್ಲ ಎಂದು ಹಟ ಹಿಡಿದು ತರಿಸಿದವಳು ಅವಳೇ.

ಜಗದೇವಪ್ಪ ಮೂರು ದಿನ ಜೋಳದ ಸಾಲಿನ ಮರೆಯಲ್ಲಿ ಕೂತು ಕಾದ. ಹೊತ್ತು ಮೂಡುವ ವೇಳೆಗೆ ಮೌನಮ್ಮ ತಲೆಯ ಮೇಲೆ ಏನನ್ನೋ ಹೊತ್ತು, ಹತ್ತಿ ತುಂಬುವ ಉಡಿಬಟ್ಟೆಯನ್ನು ಅದರ ಮೇಲೆ ಮುಚ್ಚಿ, ಅತ್ತಿತ್ತ ನೋಡುತ್ತ ಕಾಲುವೆಯ ಕಡೆ ಹೋಗುತ್ತಿದ್ದಳು. ಹೋಗುವಾಗ ಭಾರ, ಬರುವಾಗ ಹಗುರ. ಆಚೆ ದಂಡೆಯಲ್ಲಿ ಕಳ್ಳ ಹತ್ತಿ ಕೊಳ್ಳುವವನು ಇರಲೇಬೇಕು ಎಂದುಕೊಂಡ. ಮನೆಗೆ ಹೋಗಿ ಹೆಂಡತಿ ಸೌಭಾಗ್ಯಳಿಗೂ ಹೇಳಿದ. ಅವಳು ಭೇದಿ ಹತ್ತಿ ನಾಲ್ಕು ದಿನದಿಂದ ಸೊರಗಿದ್ದಳು. ಮೈಯಲ್ಲಿ ನೀರಿಲ್ಲದವಳಿಗೆ ಹತ್ತಿಯ ಚಿಂತೆ ಎಲ್ಲಿಂದ ಬರಬೇಕು?

ನಾಲ್ಕನೆಯ ಬೆಳಗ್ಗೆ ದಾರಿಗೆ ಅಡ್ಡ ನಿಂತ.

"ಏನದ ಅದು?"

"ಏನಿಲ್ರಿ ಸಾವ್ಕಾರ್ರ, ಹೆಣ್ಮಕ್ಕಳ ಸಾಮಾನು."

"ಕದ್ದ ಸಾಮಾನೆಲ್ಲಾ ಹೆಣ್ಮಕ್ಕಳ ಸಾಮಾನಽ ಆಗ್ತದ. ಇಳಸು ಕೆಳಗ."

"ಬ್ಯಾಡ್ರಿ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

"ನನ್ನ ಒಳ್ಳೇದು ನಾ ನೋಡ್ಕೋತೀನಿ. ಮುಚ್ಚಳ ತಗಿ."

ಮೌನಮ್ಮ ಉಸಿರು ಬಿಗಿಹಿಡಿದು ತೆಗೆದಳು. ಹತ್ತಿ ಕಾಣುವ ಆಸೆಯಿಂದ ಜಗದೇವಪ್ಪ ಮೂಗು ತೂರಿಸಿ ಬಗ್ಗಿದ. ಆಮೇಲೆ ಅವನು ಹೇಗೆ ಹಿಂದಕ್ಕೆ ಜಿಗಿದ, ಹೇಗೆ ಕೆಮ್ಮಿದ ಎಂಬುದನ್ನು ಗುಡಾರದಿಂದ ನೋಡುತ್ತಿದ್ದ ಹೆಂಗಸು ಅರ್ಜುಮಂದ ಇವತ್ತಿಗೂ ಅವನ ದನಿಯಲ್ಲೇ ಮಾಡಿ ತೋರಿಸುತ್ತಾಳೆ.

ಕೆಮ್ಮು ನಿಂತ ಮೇಲೆ ಅವನಿಗೆ ಹೊಸ ಅನುಮಾನ ಹುಟ್ಟಿತು. ಇದನ್ನು ದಿನಾ ಎಲ್ಲಿ ಸುರಿಯುತ್ತೀ ಎಂದು ಕೇಳಿದ. ಕಾಲುವೆಗೆ, ಎಂದಳು. ನಾಲ್ಕು ಜನ ನೋಡಿದರೆ ನಾಚಿಕೆ ಎಂದು ಬಟ್ಟೆ ಮುಚ್ಚುತ್ತಿದ್ದಳಂತೆ. ಸಂಜೆಯೊಳಗೆ ಪೆಟ್ಟಿಗೆ ಹೋಗಬೇಕು, ಇಲ್ಲವೇ ಗುಡಾರವೇ ಏಳಬೇಕು ಎಂದು ಜಗದೇವಪ್ಪ ಹೇಳಿಬಿಟ್ಟ.

ಮಧ್ಯಾಹ್ನ ಸೌಭಾಗ್ಯ ನಿಧಾನಕ್ಕೆ ನಡೆದು ಬುತ್ತಿ ತಂದಳು. ಜೊತೆಗೆ ಆಶಾ ಕಾರ್ಯಕರ್ತೆ ತಸ್ಲೀಮಾ ಇದ್ದಳು. ಗುಡಾರದಲ್ಲೂ ಇಬ್ಬರಿಗೆ ಭೇದಿ ಎಂದು ಕೇಳಿ, ಇವರೆಲ್ಲ ಕುಡಿಯುವ ನೀರು ಯಾವುದು ಎಂದು ನೋಡಲು ಬಂದಿದ್ದಳು. ಎರಡೂ ಕಡೆಯ ದೂರು ಅವಳ ಮುಂದೆ ಬಿತ್ತು. ಟಾಕಿಗೆ ನೀಲಿ ಔಷಧ ಹಾಕಿದ್ದೇವೆ, ಕ್ರಿಮಿ ಸತ್ತಿರುತ್ತವೆ, ಹರಿಯುವ ನೀರು ಹೊತ್ತುಕೊಂಡು ಹೋಗುತ್ತದೆ ಎಂದು ಮೌನಮ್ಮ ವಾದಿಸಿದಳು.

ತಸ್ಲೀಮಾ ಒಂದು ಚಿಟಿಕೆ ಹತ್ತಿ ಕಿತ್ತು, ಟಾಕಿ ಸುರಿಯುವ ಜಾಗಕ್ಕೆ ಹೋಗಿ ನೀರಿಗೆ ಬಿಟ್ಟಳು. ಎಲ್ಲರೂ ದಂಡೆಗುಂಟ ಹಿಂದೆಯೇ ನಡೆದರು. ಹತ್ತಿ ತೇಲಿತು, ತಿರುಗಿತು, ಒಂದು ಚಪ್ಪಡಿಗೆ ಹೋಗಿ ಅಂಟಿತು. ಗುಡಾರದವರು ಕೊಡ ತುಂಬುವ ಚಪ್ಪಡಿ ಅದು. ಸೌಭಾಗ್ಯ ಹೊಲದ ಚಹಾಕ್ಕೆ ನೀರು ತುಂಬುತ್ತಿದ್ದುದೂ ಅಲ್ಲೇ.

"ಔಷಧದಿಂದ ವಾಸನಿ ಸತ್ತದ ಮೌನವ್ವಾ, ರೋಗ ಸತ್ತಿಲ್ಲ," ಎಂದಳು ತಸ್ಲೀಮಾ.

ಹಾಗಾದರೆ ಪೆಟ್ಟಿಗೆ ಎಸೆಯಲಿ ಎಂದ ಜಗದೇವಪ್ಪ. ತಸ್ಲೀಮಾ ಒಪ್ಪಲಿಲ್ಲ. ಪೆಟ್ಟಿಗೆ ಹೋದರೆ ಹನ್ನೆರಡೂ ಜನ ಇದೇ ದಂಡೆಗೆ ಬರುತ್ತಾರೆ, ಆಗಲೂ ಹೊಲಸು ಇದೇ ನೀರಿಗೆ ಸೇರುತ್ತದೆ. ತಪ್ಪು ಪೆಟ್ಟಿಗೆಯದಲ್ಲ, ಸುರಿಯುವ ಜಾಗದ್ದು. ಟಾಕಿ ಪೂರ್ತಿ ತುಂಬುವ ಮುನ್ನ ಮುಚ್ಚಳ ಬಿಗಿದು ಒಯ್ಯಬೇಕು. ಕೈಗೆ ರಬ್ಬರ್ ಗ್ಲೌಸು ಹಾಕಿ, ಗುಂಡಿ ಕಟ್ಟಿಸಿದ ಸಂಡಾಸಿನಲ್ಲಿ, ಆ ಮನೆಯವರನ್ನು ಕೇಳಿ, ನಿಧಾನಕ್ಕೆ ಸುರಿದು ನೀರು ಹಾಕಬೇಕು. ಟಾಕಿ ತೊಳೆದ ನೀರೂ ಅದೇ ಸಂಡಾಸಿಗೆ. ಬಟ್ಟೆ, ಪ್ಯಾಡು, ಗುಟಕಾ ಚೀಟಿ ಟಾಕಿಗೆ ಬೀಳಬಾರದು. ಗುಂಡಿಯಲ್ಲಿ ಮಲ ಕೊಳೆತು ಮಣ್ಣಾಗುವುದನ್ನು ಔಷಧ ತಡೆಯುತ್ತದೆ, ಹಾಗಾಗಿ ಇನ್ನು ಮುಂದೆ ಅದು ಬೇಡ, ಬರೀ ನೀರು ಸಾಕು. ಕೊನೆಗೆ ಸೋಪು ಹಚ್ಚಿ ಕೈ ತೊಳೆಯಬೇಕು. ಕುಡಿಯಲು ಊರಿನ ನಳದ ನೀರು ತಂದು, ಕುದಿಸಿ ಆರಿಸಬೇಕು.

ಅಂಥ ಸಂಡಾಸು ಹತ್ತಿರದಲ್ಲಿ ಯಾರ ಮನೆಯಲ್ಲಿದೆ ಎಂದು ಮೌನಮ್ಮ ಕೇಳಿದಳು. ಎಲ್ಲರ ಕಣ್ಣು ಜಗದೇವಪ್ಪನ ಮೇಲೆ ಹೋಯಿತು.

"ಕಂಡಕಂಡವರ್ದು ನಮ್ಮ ಮನಿ ಸಂಡಾಸದಾಗ?" ಎಂದ ಅವನು.

ಬದುವಿನ ಮೇಲೆ ಕೂತಿದ್ದ ಸೌಭಾಗ್ಯ ತಲೆ ಎತ್ತಿದಳು. "ಏನ್ರಿ, ಹತ್ತು ದಿನದಿಂದ ನಮ್ಮ ಹೊಟ್ಟ್ಯಾಗ ಹೋಗಿದ್ದು ಯಾರ್ದು?"

ಜಗದೇವಪ್ಪ ತನ್ನ ಟ್ರ್ಯಾಕ್ಟರಿನ ಟ್ರೇಲರು ಖಾಲಿ ಮಾಡತೊಡಗಿದ.

ಮರುದಿನ ಬೆಳಗ್ಗೆ ಟಾಕಿ ಅವನ ಟ್ರ್ಯಾಕ್ಟರಿನಲ್ಲಿ ಊರಿಗೆ ಹೋಯಿತು. ಮುಚ್ಚಳ ಬಿಗಿಯಾಗಿತ್ತು, ಮೇಲೆ ಉಡಿಬಟ್ಟೆ ಇರಲಿಲ್ಲ. ಹಿತ್ತಲ ಬಾಗಿಲು ತೆಗೆದವನು ಜಗದೇವಪ್ಪನೇ. ಹತ್ತಿ ಕಡಿಮೆಯಾದದ್ದು ಯಾಕೆಂದು ಮೌನಮ್ಮ ಅವನಿಗೆ ದಾರಿಯಲ್ಲೇ ಹೇಳಿದ್ದಳು. ಬೆಳಗಿನ ಇಬ್ಬನಿಯಲ್ಲಿ ಬಿಡಿಸಿದ ಹತ್ತಿ ಒಣಗಿದರೆ ತೂಕ ಇಳಿಯದೆ ಇರುತ್ತದೆಯೇ? ಅವನ ಅನುಮಾನದ ಬುದ್ಧಿ ಮಾತ್ರ ಹೋಗಿಲ್ಲ. ಈಗಲೂ ದಿನಾ ನಿಂತು ನೋಡುತ್ತಾನೆ: ನೀರು ಹಾಕಿದರೋ ಇಲ್ಲವೋ, ಕೈಗೆ ಸೋಪು ಹಚ್ಚಿದರೋ ಇಲ್ಲವೋ.

ಹತ್ತಿ ಬಿಡಿಸಲು, ಕುರಿ ಕಾಯಲು, ಪಾದಯಾತ್ರೆಗೆ ಹೋಗಿ ಗುಡಾರ ಹಾಕುವ ಅಕ್ಕ ಅಣ್ಣಂದಿರೇ, ಹೊಲದ ಯಜಮಾನರೇ, ನೀವೂ ಸ್ವಲ್ಪ ಅನುಮಾನ ಪಡಿ. ಪೆಟ್ಟಿಗೆ ಸಂಡಾಸು ಇಟ್ಟುಕೊಳ್ಳಿ, ಅದನ್ನು ಖಾಲಿ ಮಾಡಲು ಒಂದು ಸಂಡಾಸನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನಿಮ್ಮ ಟಾಕಿ ಇವತ್ತು ಎಲ್ಲಿ ಖಾಲಿಯಾಯಿತು? ಗೊತ್ತಿಲ್ಲವಾದರೆ, ಕೊಡ ತುಂಬುವ ಮುನ್ನ ಹೋಗಿ ನೋಡಿ ಬನ್ನಿ.