ನನ್ನ ಪಾಲಿನ ಬಲೆ

ಕಾಪುವಿನ ಕಡಲ ದಡದಲ್ಲಿ ನಮ್ಮದೊಂದು ರಂಪಣಿ ಇತ್ತು. ದಡದಿಂದಲೇ ಎಳೆಯುವ ಆ ದೊಡ್ಡ ಬಲೆಗೆ ಮನೆಗೊಂದು ತುಂಡು ತಂದು ಜೋಡಿಸುತ್ತಿದ್ದೆವು. ಎಲ್ಲರನ್ನೂ ಗದರಿಸಿ ಮೆರೆಯುತ್ತಿದ್ದ ಹಿಂದಿನ ಮುಖ್ಯಸ್ಥನನ್ನು ಇಳಿಸಿದ ಮೇಲೆ, ಮುಖ್ಯಸ್ಥನಿಗೆ ಒಂದೇ ವರ್ಷದ ಅಧಿಕಾರ, ಅವನು ಮೀರಿ ನಡೆದರೆ ಯಾರು ಬೇಕಾದರೂ ತಮ್ಮ ತುಂಡು ಬಿಚ್ಚಿಕೊಂಡು ಹೋಗಬಹುದು ಎಂದು ನಿಯಮ ಮಾಡಿಸಿದವನು ನಾನೇ. ದೇಶಕ್ಕೆ ಸಂವಿಧಾನ ಬಂದ ಹೊಸತು. ನನಗೂ ಒಂದು ಬರೆಯುವ ಚಪಲ. ಜನ ಮೆಚ್ಚಿ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿದರು.

ವರ್ಷ ಮುಗಿಯುವಷ್ಟರಲ್ಲಿ, ನನ್ನಷ್ಟು ವಿನಯವಂತ ಇಡೀ ಕರಾವಳಿಯಲ್ಲಿ ಇನ್ನೊಬ್ಬನಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಇಂಥವನನ್ನು ಕಳೆದುಕೊಂಡರೆ ಊರಿಗೇ ನಷ್ಟವಲ್ಲವೇ? ಸಭೆ ಕರೆದೆ.

"ಆ ನಿಯಮ ಮಾಡಿದ್ದು ಹಿಂದಿನವನಂಥ ದುಷ್ಟರಿಗೆ. ನಾನಿರುವಾಗ ಅದು ಎಂತಕ್ಕೆ? ಇನ್ನು ಕೊನೆಯವರೆಗೂ ನಾನೇ ನೋಡಿಕೊಳ್ಳುತ್ತೇನೆ."

"ಆಯಿತು ಮಾರಾಯ," ಎಂದ ನನ್ನ ಗೆಳೆಯ ಗುಣಪಾಲ. ಒಬ್ಬರೂ ಎದುರಾಡಲಿಲ್ಲ. ಮೀಸೆ ತಿರುವಿಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ದಡಕ್ಕೆ ಹೋದರೆ ನನ್ನ ತುಂಡೊಂದೇ ಮರಳಿನ ಮೇಲೆ ಒಣಹಾಕಿದ ಪಂಚೆಯ ಹಾಗೆ ಬಿದ್ದಿತ್ತು. ಉಳಿದವರೆಲ್ಲ ತಮ್ಮ ತುಂಡು ಬಿಚ್ಚಿ, ಸ್ವಲ್ಪ ಆಚೆ ಮತ್ತೆ ಜೋಡಿಸಿ, ಗುಣಪಾಲನ ಕೂಗಿಗೆ ಸರಿಯಾಗಿ ಬಲೆ ಎಳೆಯುತ್ತಿದ್ದರು. ನಿಯಮದ ಒಂದಕ್ಷರವನ್ನೂ ಅವರು ಮೀರಿರಲಿಲ್ಲ. ಬರೆದವನು ನಾನಲ್ಲವೇ!

ತುಂಡನ್ನು ಹೆಗಲಿಗೇರಿಸಿಕೊಂಡು ಮನೆಗೆ ಬಂದಾಗ ಹೆಂಡತಿ ನೋಡಿ ನಗಲೂ ಇಲ್ಲ.

"ಕೋಳಿ ಬಾರದ ಹಾಗೆ ಅದನ್ನು ಬಸಳೆ ಚಪ್ಪರದ ಸುತ್ತ ಕಟ್ಟಿ. ಅಲ್ಲಿ ಕೊನೆಯವರೆಗೂ ನೀವೇ ಮುಖ್ಯಸ್ಥರು."

ಕಟ್ಟಿದೆ. ಆ ಅಧಿಕಾರ ಇವತ್ತಿಗೂ ನನ್ನದೇ. ಕೋಳಿಗಳು ಮಾತ್ರ ದಿನಾ ಬೇಲಿ ಹಾರುತ್ತವೆ.